ಮೋಡದ ಅರಸನ ಬಗ್ಗೆ ಅತ್ತಿ ಹೇಳಿದ್ದು

ನಾಗರ ಪಂಚಮಿಗೆಂದು ತವರಿಗೆ ಬಂದ ನಮ್ಮ ಅತ್ತಿ, ಹಬ್ಬ ಮುಗಿದ ಮೇಲೂ ಗಂಡನ ಮನೆಗೆ ಹೋಗಲಿಲ್ಲ. ಅತ್ತಿ ಎಂದರೆ ಅಪ್ಪನ ತಂಗಿ, ಶಾಂತಾ. ಆಕೆಯನ್ನು ಹಳಿಯಾಳಕ್ಕೆ ಕೊಟ್ಟು ವರ್ಷ ದಾಟಿತ್ತಷ್ಟೆ. ಹಿತ್ತಲಿನ ಹುಣಸೆ ಮರಕ್ಕೆ ಕಟ್ಟಿದ್ದ ಜೋಕಾಲಿಯನ್ನು ಅಪ್ಪ ಬಿಚ್ಚಿ ಹಗ್ಗ ಸುತ್ತಿಟ್ಟ. ಡಬ್ಬಿಯಲ್ಲಿದ್ದ ಶೇಂಗಾ ಉಂಡಿ, ಎಳ್ಳುಂಡಿ ಖಾಲಿಯಾದವು. ಹಬ್ಬಕ್ಕೆ ಬಂದಿದ್ದ ಓಣಿಯ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಸ್ಸು ಹತ್ತಿ ಹೋದರು. ಅತ್ತಿ ಮಾತ್ರ ದಿನಾ ಬೆಳಿಗ್ಗೆ ತನ್ನ ಚೀಲಕ್ಕೆ ಸೀರೆ ತುಂಬುತ್ತಿದ್ದಳು, ಸಂಜೆ ತೆಗೆದು ಗೂಟಕ್ಕೆ ಹಾಕುತ್ತಿದ್ದಳು. ಯಾರಾದರೂ ಕೇಳಿದರೆ ನಾಳೆ ಹೋಗುತ್ತೇನೆ ಅನ್ನುತ್ತಿದ್ದಳು. ಮೊದಮೊದಲು ಅದು ನನಗೆ ಸಂತೋಷದ ಸಂಗತಿಯೇ ಆಗಿತ್ತು. ಮದುವೆಗೆ ಮೊದಲು ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದವಳು ಆಕೆ. ನನ್ನ ಅವ್ವನಿಗಿಂತ ನನಗೆ ಆಕೆಯೇ ಹತ್ತಿರ. ಆದರೆ ತಿರುಗಿ ಬಂದ ಅತ್ತಿ ಜಡೆ ಹಾಕುವಾಗ ಅವಳ ಬೆರಳು ನಡುವೆಯೇ ನಿಂತುಬಿಡುತ್ತಿದ್ದವು. ಹೊರಗೆ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿನ ಸದ್ದಾದರೆ ಸಾಕು, ನನ್ನ ಕೂದಲನ್ನು ಹಿಡಿದ ಕೈ ಹಾಗೆಯೇ ಬಿಗಿಯಾಗುತ್ತಿತ್ತು. ಸದ್ದು ಮುಂದೆ ಹೋದ ಮೇಲೆ ಮತ್ತೆ ಬೆರಳು ಆಡುತ್ತಿದ್ದವು. ನನಗೆ ನೋಯುತ್ತಿತ್ತು. ಆದರೂ ನಾನು ಹಾ ಅನ್ನುತ್ತಿರಲಿಲ್ಲ. ಏಕೋ ಅನ್ನಬಾರದು ಅನಿಸುತ್ತಿತ್ತು.

ನಮ್ಮ ಮನೆ ಮುಂಡಗೋಡದ ಪೇಟೆ ಓಣಿಯಲ್ಲಿ, ಮುಂದೆ ಅಂಗಡಿ, ಹಿಂದೆ ಸಂಸಾರ. ಅಪ್ಪನದು ಗೋವಿನಜೋಳದ ವ್ಯಾಪಾರ. ಮಳಗಿ ಕಡೆಯ ಹಳ್ಳಿಗಳಿಂದ, ಟಿಬೆಟನ್ ಕಾಲೊನಿಯಿಂದ ಚೀಲಗಳು ಬಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಜಂತಿ ಮುಟ್ಟುವವರೆಗೆ ಬೀಳುತ್ತಿದ್ದವು. ಅದಕ್ಕೆ ನಾವು ಚೀಲದ ಕೋಣೆ ಅನ್ನುತ್ತಿದ್ದೆವು. ಅದರಾಚೆ ಪಡಸಾಲೆ, ಪಡಸಾಲೆಯ ಒಂದು ಮೂಲೆಯಲ್ಲಿ ದೇವರ ಜಗಲಿ, ಆಮೇಲೆ ಅಡುಗೆಮನೆ. ಜೋಳದ ಸಣ್ಣ ಧೂಳು ಮನೆಯ ತುಂಬ ಹಾರಾಡುತ್ತಿತ್ತು. ನೀರಿನ ತಂಬಿಗೆಯ ಮೇಲೂ ತೆಳ್ಳಗೆ ಕೂತಿರುತ್ತಿತ್ತು. ಬೆಳಿಗ್ಗೆ ಆಯಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಳಿತರೆ ಮನೆಯಲ್ಲಿ ಯಾರೂ ದನಿ ಎತ್ತುವಂತಿರಲಿಲ್ಲ. ಆಯಿ ಅಂದರೆ ನನ್ನ ಅಜ್ಜಿ, ಅಪ್ಪನ ತಾಯಿ. ಆಕೆ ವಿಭೂತಿ ಹಚ್ಚಿಕೊಂಡು ಎದ್ದ ಮೇಲೆಯೇ ಅವ್ವ ಒಲೆಯ ಮುಂದೆ ಗದ್ದಲ ಶುರು ಮಾಡುತ್ತಿದ್ದಳು. ಆ ಶ್ರಾವಣದಲ್ಲಿ ಇಬ್ಬರ ಜಗಳಕ್ಕೆ ಪುಂಡಿಪಲ್ಯದ ಉಪ್ಪು, ಸುಟ್ಟ ರೊಟ್ಟಿ, ಒದ್ದೆ ಕಟ್ಟಿಗೆ ಎಲ್ಲವೂ ನೆಪವಾಗುತ್ತಿದ್ದವು. ನಿಜವಾದ ಕಾರಣ ಪಡಸಾಲೆಯ ಗೋಡೆಗೆ ಒರಗಿ ಕುಳಿತಿರುತ್ತಿತ್ತು, ಮತ್ತು ಇಬ್ಬರೂ ಅದರ ಹೆಸರೆತ್ತುತ್ತಿರಲಿಲ್ಲ.

ಅಂಗಡಿಯ ಮೇಜಿನ ಮೇಲೆ ಒಂದು ಫೋನು ಇತ್ತು. ಅತ್ತಿಯ ಗಂಡ, ಹಳಿಯಾಳದ ಮಾಮಾ, ಅದಕ್ಕೆ ದಿನದಲ್ಲಿ ಎಷ್ಟೋ ಸಲ ಕರೆ ಮಾಡುತ್ತಿದ್ದರು. ಶಾಂತಾ ಉಂಡಳೇ, ಶಾಂತಾ ಮಲಗಿದಳೇ, ಶಾಂತಾಳ ಹತ್ತಿರ ಯಾರು ಬಂದಿದ್ದರು. ಅಪ್ಪ ಗಿರಾಕಿಗಳ ನಡುವೆಯೂ ನಗುತ್ತ ಉತ್ತರ ಹೇಳುತ್ತಿದ್ದ. ಒಳಗೆ ಬಂದು ಅತ್ತಿಯನ್ನು ಕರೆಯುತ್ತಿದ್ದ.

“ಏ ಶಾಂತಾ, ಬಾ. ನಿನ್ನ ದನಿ ಕೇಳದಿದ್ರ ಅಳಿಯಂದ್ರಿಗೆ ಅನ್ನ ಇಳಿಯೂದಿಲ್ಲಂತ.”

ಅತ್ತಿ ಹೋಗಿ ಫೋನು ಹಿಡಿದು ಹೂಂ, ಹೂಂ ಅನ್ನುತ್ತಿದ್ದಳು. ತಿರುಗಿ ಬಂದಾಗ ಅವಳ ಮೇಲ್ದುಟಿಯ ಮೇಲೆ ಬೆವರು ನಿಂತಿರುತ್ತಿತ್ತು. ಹಳಿಯಾಳದ ಮಾಮಾ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಕೆಟ್ಟ ಮಾತಿರಲಿಲ್ಲ. ಬಟ್ಟೆ ಅಂಗಡಿ ಇತ್ತು, ಕುಡಿತವಿರಲಿಲ್ಲ, ಬೀಡಿ ಕೂಡ ಸೇದುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಬರುವಾಗ ನನಗೆಂದು ಧಾರವಾಡ ಪೇಢೆ ತರುತ್ತಿದ್ದರು. ಅತ್ತಿಯನ್ನು ಎಲ್ಲರೆದುರೇ ‘ರಾಣಿ’ ಎಂದು ಕರೆಯುತ್ತಿದ್ದರು. ನಮ್ಮಪ್ಪ ಅವ್ವನನ್ನು ಹೆಸರು ಹಿಡಿದು ಕರೆದದ್ದನ್ನೂ ನಾನು ಕೇಳಿರಲಿಲ್ಲ. ಹಾಗಾಗಿ ಮಾಮಾ ಎಂದರೆ ನನಗೆ ಕತೆಯೊಳಗಿನ ಮನುಷ್ಯ.

ಕತೆ ಎಂದೆ. ಆ ವರ್ಷ ನಮ್ಮ ಮನೆಗೆ ಕತೆ ಬರುತ್ತಿದ್ದದ್ದು ಓಣಿಯ ಕೊನೆಯ ಮನೆಯ ಕಸ್ತೂರಕ್ಕನಿಂದ. ಆಕೆ ಹೊಲಿಗೆ ಹಾಕುತ್ತಿದ್ದಳು, ಹುಡುಗಿಯರಿಗೆ ಕಲಿಸುತ್ತಿದ್ದಳು. ಮಷೀನಿನ ಪಕ್ಕದಲ್ಲಿ ಕಾದಂಬರಿಗಳ ಗುಡ್ಡೆ ಇಟ್ಟಿರುತ್ತಿದ್ದಳು. ಅವು ಮನೆಯಿಂದ ಮನೆಗೆ ತಿರುಗಿ ತಿರುಗಿ ರಟ್ಟು ಕಳಚಿ, ಹೆಸರೂ ಬರೆದವರೂ ಯಾರೆಂದು ಗೊತ್ತಾಗದ ಸ್ಥಿತಿಗೆ ಬಂದಿದ್ದವು. ಅಂಥದೊಂದು ಪುಸ್ತಕವನ್ನು ನಾನು ತಂದೆ. ಆಗ ನಾನು ಆರನೆಯ ತರಗತಿ. ಮಧ್ಯಾಹ್ನದ ಊಟವಾದ ಮೇಲೆ ಆಯಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಾಗ, ರಜೆಯ ದಿನಗಳಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಪುರಾಣ ಕೇಳಿದಷ್ಟೇ ಶ್ರದ್ಧೆಯಿಂದ ಕಾದಂಬರಿ ಕೇಳುತ್ತಿದ್ದಳು. ಅವ್ವ ಅಡುಗೆಮನೆಯಿಂದಲೇ ಕಿವಿಗೊಟ್ಟಿರುತ್ತಿದ್ದಳು, ಕೇಳುತ್ತಿಲ್ಲ ಎಂಬಂತೆ ಪಾತ್ರೆ ಸದ್ದು ಮಾಡುತ್ತಿದ್ದಳು. ಅತ್ತಿ ಗೋಡೆಗೆ ಒರಗಿ ಮೊಳಕಾಲು ಅಪ್ಪಿಕೊಂಡಿರುತ್ತಿದ್ದಳು.

ಪುಸ್ತಕದಲ್ಲಿ ಮೋಡಗಳ ನಾಡಿನ ಒಬ್ಬ ಅರಸನಿದ್ದ. ಅವನು ಭೂಮಿಗೆ ಇಳಿದು ಬಂದಾಗ ಕುಂಬಾರನ ಮಗಳೊಬ್ಬಳನ್ನು ಕಂಡು ಮೋಹಿಸಿ ತನ್ನ ಅರಮನೆಗೆ ಒಯ್ಯುತ್ತಾನೆ. ಆಕೆಯ ಕಾಲಿಗೆ ಒಂದು ಗೆಜ್ಜೆ ತೊಡಿಸುತ್ತಾನೆ. ಆಕೆ ಎಲ್ಲಿ ಹೆಜ್ಜೆ ಇಟ್ಟರೂ ಆ ಗೆಜ್ಜೆಯ ನಾದ ಅವನಿಗೆ ಕೇಳುತ್ತದೆ. ಆಕೆ ಕಿಟಕಿಯಿಂದ ಭೂಮಿಯ ಕಡೆ ನೋಡಿದರೆ ಅವನ ಮನಸ್ಸು ನೋಯುತ್ತದೆ, ಅವನ ಮನಸ್ಸು ನೊಂದರೆ ಕೆಳಗೆ ಸಿಡಿಲು ಬಡಿಯುತ್ತದೆ. ಅವನು ಅರಮನೆಗೆ ಬರುವಾಗ ದಾರಿಯುದ್ದದ ದೀಪಗಳು ಒಂದೊಂದಾಗಿ ಆರುತ್ತವೆ. ಪ್ರತಿ ಅಧ್ಯಾಯದಲ್ಲೂ ಈ ದೀಪ ಆರುವ ವರ್ಣನೆ ಇತ್ತು. ಆಮೇಲೆ ನಾಯಕಿಯ ಎದೆ ಹೊಡೆದುಕೊಳ್ಳುವುದು, ಅಂಗೈ ತಣ್ಣಗಾಗುವುದು, ಬಾಯಿ ಒಣಗುವುದು. ಕೊನೆಗೆ ‘ಅದು ಪ್ರೇಮದ ನಡುಕವಾಗಿತ್ತು’ ಎಂಬ ಸಾಲು. ಆ ಸಾಲು ಬಂದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು. ಆಯಿ ಅಕ್ಕಿಯಲ್ಲಿನ ಕಲ್ಲು ಆರಿಸುವುದನ್ನು ಬಿಟ್ಟು ಮುಖ ಮೇಲೆತ್ತುತ್ತಿದ್ದಳು.

“ಎಂಥಾ ಜೀವ ಇಟ್ಟಾನ ನೋಡ ಅಕಿ ಮ್ಯಾಲೆ,” ಅನ್ನುತ್ತಿದ್ದಳು. “ಪುಣ್ಯಾ ಮಾಡಿರಬೇಕು ಅಂಥಾ ಗಂಡ ಸಿಗಾಕ.”

ಹಾಗೆ ಹೇಳಿ ಓರೆಗಣ್ಣಿನಿಂದ ಮಗಳನ್ನು ನೋಡುತ್ತಿದ್ದಳು.

ಪುಸ್ತಕ ಮುಗಿದದ್ದು ಒಂದು ಶನಿವಾರ. ಕೊನೆಯ ಅಧ್ಯಾಯದಲ್ಲಿ ಮೋಡದ ಬಾಗಿಲು ತೆರೆಯುತ್ತದೆ. ಕುಂಬಾರನ ಮಗಳಿಗೆ ಕೆಳಗೆ ತನ್ನ ಮನೆ, ಒದ್ದೆ ಮಣ್ಣು, ತಿರುಗುವ ಚಕ್ರ ಕಾಣುತ್ತವೆ. ಒಂದು ಹೆಜ್ಜೆ ಇಟ್ಟರೆ ಬಿಡುಗಡೆ. ಆಕೆ ಹಿಂದಿರುಗಿ ನೋಡುತ್ತಾಳೆ. ಅರಸನ ಕಣ್ಣಿನಲ್ಲಿ ನೀರು. ಆಕೆ ಗೆಜ್ಜೆಯ ಕಾಲನ್ನು ಒಳಗೆ ಎಳೆದುಕೊಂಡು ಅವನ ಎದೆಗೆ ಒರಗುತ್ತಾಳೆ. ಬಾಗಿಲು ಮುಚ್ಚುತ್ತದೆ. ನಾನು ಅಳುತ್ತಲೇ ಓದಿ ಮುಗಿಸಿದೆ. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಆಗ ಅತ್ತಿ ಮಾತಾಡಿದಳು. ಅಷ್ಟು ದಿನಗಳಲ್ಲಿ ಆಕೆ ಆ ಪುಸ್ತಕದ ಬಗ್ಗೆ ಆಡಿದ ಮೊದಲ ಮಾತು.

“ಇದನ್ನ ಬರದವರಿಗೆ ಹೆದರಿಕಿ ಅಂದ್ರ ಏನಂತ ಗೊತ್ತಿಲ್ಲ.”

“ಅಂದ್ರ?” ಎಂದಳು ಆಯಿ.

“ಅಕಿಗೆ ಪ್ರೀತಿ ಎಲ್ಲೈತವ್ವಾ? ಅಂವ ಬರ್ತಾನಂದ್ರ ಅಕಿ ಕಿವಿ ಕೊಟ್ಟು ಕುಂಡರ್ತಾಳ. ಇವತ್ತ ಯಾವ ಮನಸಿನ್ಯಾಗ ಬರಾಕತ್ತಾನು ಅಂತ ನೋಡ್ತಾಳ. ಅಂಗೈ ತಣ್ಣಗಾಗ್ತೈತಿ, ಬಾಯಿ ಒಣಗ್ತೈತಿ. ಅದು ಹೆದರಿಕಿ. ಪುಸ್ತಕದ ತುಂಬ ಹೆದರಿಕಿನ ಬರದು, ಕಡೀಕ ಪ್ರೀತಿ ಅಂತ ಹೆಸರ ಹಾಕ್ಯಾರ.”

“ಅಂವ ಅತ್ತಾನಲ್ಲ! ಕಣ್ಣೀರ ಹಾಕ್ಯಾನಲ್ಲ!”

“ಅಳ್ತಾನವ್ವಾ. ಅಳೂದು ಬಾಗಲಾ ತೆರದಾಗ ಅಷ್ಟ. ಮುಚ್ಚಿದ್ದಾಗ ಅಳೂದಿಲ್ಲ.”

ಆಯಿಗೆ ಸಿಟ್ಟು ಬಂತು. ಮೊರವನ್ನು ನೆಲಕ್ಕೆ ಕುಕ್ಕಿದಳು, ಅಕ್ಕಿ ಚೆಲ್ಲಿತು. ಪುಸ್ತಕದ ಜಗಳ ಹೇಗೆ ಹಳಿಯಾಳದ ಜಗಳವಾಯಿತೋ ನನಗೆ ತಿಳಿಯಲಿಲ್ಲ. ಅಂಥ ಗಂಡನಿಗೆ ಹೆಸರಿಡುತ್ತೀಯಾ, ನಿನ್ನಪ್ಪ ನನ್ನನ್ನು ಒಂದು ದಿನವಾದರೂ ಉಂಡೆಯಾ ಎಂದು ಕೇಳಿದ್ದರೇ, ಊರವರ ಬಾಯಿಗೆ ನಾನೇನು ಹೇಳಲಿ ಎಂದು ಆಯಿ ಏರಿದ ದನಿಯಲ್ಲಿ ಕೇಳಿದಳು. ಅತ್ತಿ ಚೆಲ್ಲಿದ ಅಕ್ಕಿಯನ್ನು ಒಂದೊಂದು ಕಾಳು ಬಿಡದೆ ಆರಿಸಿ ಮೊರಕ್ಕೆ ಹಾಕಿದಳು. ನನಗೂ ಅತ್ತಿಯ ಮೇಲೆ ಮುನಿಸು. ನನ್ನ ಚಂದದ ಕತೆಯನ್ನು ಆಕೆ ಕೆಡಿಸಿಬಿಟ್ಟಿದ್ದಳು.

ಮರುದಿನ ಭಾನುವಾರ. ಅವ್ವ, ಆಯಿ ಮಠಕ್ಕೆ ಪ್ರವಚನ ಕೇಳಲು ಹೋಗಿದ್ದರು. ಅಪ್ಪ ಮಳಗಿಗೆ ಹೋಗಿದ್ದ, ಅಂಗಡಿಗೂ ಅಲ್ಲಿಂದ ಒಳಗೆ ಬರುವ ಬಾಗಿಲಿಗೂ ಬೀಗವಿತ್ತು. ಪಡಸಾಲೆಯಲ್ಲಿ ನಾನು, ಅತ್ತಿ ಇಬ್ಬರೇ. ಮಾಮಾ ಸಾಮಾನ್ಯವಾಗಿ ಬರುವ ಮುಂಚೆ ಫೋನು ಮಾಡುತ್ತಿದ್ದರು. ಆ ದಿನ ಫೋನು ಬರಲಿಲ್ಲ. ಓಣಿಯ ತಿರುವಿನಲ್ಲಿ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು. ನನಗೆ ಎಲ್ಲ ಮೋಟಾರ್ ಸೈಕಲ್ಲಿನ ಸದ್ದೂ ಒಂದೇ. ಅತ್ತಿಗೆ ಹಾಗಿರಲಿಲ್ಲ. ಕುಡಿಯುತ್ತಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು ಎದ್ದು ನಿಂತಳು. ಅವಳ ಮುಖದ ಬಣ್ಣ ಇಳಿದು ಹೋದದ್ದನ್ನು ನಾನು ಕಣ್ಣಾರೆ ನೋಡಿದೆ.

“ಗಿರಿಜಾ, ನಾ ಮನ್ಯಾಗಿಲ್ಲ ಅನ್ನು,” ಎಂದಳು. ಚೀಲದ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮಾಮಾ ಪಕ್ಕದ ಬಾಗಿಲಿನಿಂದ ಒಳಗೆ ಬಂದರು. ಎಂದಿನಂತೆಯೇ ನಗುತ್ತಿದ್ದರು. ಪೇಢೆಯ ಪೊಟ್ಟಣವನ್ನು ನನ್ನ ಕೈಗಿಟ್ಟು ಮಂಚದ ಮೇಲೆ ಕುಳಿತರು.

“ಅತ್ತಿ ಎಲ್ಲದಾಳ ಗಿರಿಜವ್ವಾ?”

“ಮಠಕ್ಕ ಹೋಗ್ಯಾಳ್ರಿ, ಆಯಿ ಸಂಗತೀಲೆ.”

“ಹೌದಾ?”

ಅವರ ಕಣ್ಣು ನೆಲದ ಮೇಲಿನ ಚಹಾದ ಕಪ್ಪಿಗೆ ಹೋಯಿತು. ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಅಲ್ಲಿಂದ ಬಾಗಿಲ ಬಳಿಯ ಚಪ್ಪಲಿಗಳಿಗೆ ಹೋಯಿತು. ಅತ್ತಿಯ ಚಪ್ಪಲಿ ಅಲ್ಲೇ ಇತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ನಕ್ಕರು.

“ಬರಿಗಾಲಲೆ ಹೋಗ್ಯಾಳೇನು?”

ಅವರ ದನಿ ಮೊದಲಿಗಿಂತ ಇಳಿದಿತ್ತು. ಅದುವರೆಗೆ ನನಗೆ ಸಿಟ್ಟು ಎಂದರೆ ಅಪ್ಪನ ಸಿಟ್ಟು, ಅಂಗಡಿಯಿಂದ ಹಿತ್ತಲಿನ ತನಕ ಕೇಳುವ ಸಿಟ್ಟು. ದನಿ ಇಳಿಸಿ ಸಿಟ್ಟಾಗುವ ಮನುಷ್ಯನನ್ನು ನಾನು ಕಂಡಿರಲಿಲ್ಲ. ಪೇಢೆಯ ಪೊಟ್ಟಣ ಹಿಡಿದ ನನ್ನ ಅಂಗೈ ತಣ್ಣಗಾಯಿತು. ಅವರು ಎದ್ದು ಅವಸರವಿಲ್ಲದೆ ಅಡುಗೆಮನೆಯೊಳಗೆ ಇಣುಕಿದರು. ಹಿತ್ತಲಿನ ಬಾಗಿಲು ತೆರೆದು ನೋಡಿ ಮುಚ್ಚಿದರು. ಬಚ್ಚಲಿನ ಬಾಗಿಲು ದೂಡಿದರು. ನಡುನಡುವೆ ‘ರಾಣೀ’ ಎಂದು ಹಾಡಿನ ಹಾಗೆ ಕರೆಯುತ್ತಿದ್ದರು. ಒಂದೊಂದು ಬಾಗಿಲು ತೆರೆದಾಗಲೂ ನನಗೆ ಕೂಗಬೇಕೆನಿಸಿತು. ಕೂಗಿ ಏನು ಹೇಳುವುದು? ಮನೆಯ ಅಳಿಯ ಮನೆಗೆ ಬಂದಿದ್ದಾರೆ, ಪೇಢೆ ತಂದಿದ್ದಾರೆ, ನಗುತ್ತಿದ್ದಾರೆ.

ಚೀಲದ ಕೋಣೆಯ ಬಾಗಿಲ ಮುಂದೆ ಬಂದು ನಿಂತರು. ತೆರೆಯಲಿಲ್ಲ. ಬಾಗಿಲಿನ ಮೇಲೆ ಅಂಗೈ ಇಟ್ಟರು. ಆಮೇಲೆ ಹೊರಗಿನ ಚಿಲಕವನ್ನು ನಿಧಾನವಾಗಿ ಹಾಕಿದರು.

“ಇರು ರಾಣಿ, ಅಲ್ಲೇ ಇರು,” ಎಂದರು ಬಾಗಿಲಿಗೆ. “ಎಲ್ಲಾರೂ ಬರೂತನಾ ನಾನೂ ಇಲ್ಲೇ ಕುಂತಿರ್ತೇನಿ. ನನಗೇನ ಅವಸರ ಇಲ್ಲ.”

ಮಂಚವನ್ನು ಎಳೆದು ಆ ಬಾಗಿಲ ಎದುರಿಗೇ ಹಾಕಿಕೊಂಡು ಕುಳಿತರು. ಚಹಾ ಮಾಡಿಕೊಂಡು ಬಾ ಎಂದರು ನನಗೆ. ಮಾಡಿದೆ. ಅರ್ಧ ಹಾಲು ಒಲೆಯ ಮೇಲೆ ಚೆಲ್ಲಿತು. ಅವರು ಚಹಾ ಕುಡಿಯುತ್ತ, ಮುಚ್ಚಿದ ಬಾಗಿಲಿನ ಜೊತೆ ಮಾತಾಡುತ್ತಿದ್ದರು. ಹಳಿಯಾಳದ ಮನೆಗೆ ಹೊಸ ಬಣ್ಣ ಹೊಡೆಸಿದ್ದು, ಪಕ್ಕದ ಮನೆಯ ಹೆಂಗಸು ಮಾತಿಗೆ ಬರುತ್ತಾಳೆಂದು ನಡುವಿನ ಕಿಟಕಿ ಮುಚ್ಚಿಸಿದ್ದು, ಅವಳಿಲ್ಲದೆ ಊಟ ಸೇರದೆ ಇದ್ದದ್ದು. ಒಳಗಿನಿಂದ ಒಂದು ಸದ್ದೂ ಇರಲಿಲ್ಲ. ಆ ಮೌನ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಕತ್ತಲೆ ಕೋಣೆ, ಕಿಟಕಿ ಇಲ್ಲ, ಧೂಳು. ಅತ್ತಿ ಸತ್ತೇ ಹೋದಳೇನೋ ಅನಿಸಿತು. ಹೋಗಿ ಚಿಲಕ ತೆಗೆಯಲು ಒಂದು ಸಲ ಎದ್ದೆ. ಮಾಮಾ ನನ್ನ ಕಡೆ ನೋಡಿದರು, ಅಷ್ಟೇ. ನಾನು ದೇವರ ಜಗಲಿಯ ಪಕ್ಕ ಕುಳಿತುಕೊಂಡೆ.

ಮೊದಲು ಒಳಗೆ ಬಂದವಳು ಆಯಿ. ಮಾಮಾ ಥಟ್ಟನೆ ಎದ್ದು ಅವಳ ಕಾಲು ಮುಟ್ಟಿದರು.

“ನಿಮ್ಮ ಮಗಳು ಸಣ್ಣ ಹುಡುಗಿ ಹಂಗ ಅಡಗಿ ಕುಂತಾಳ್ರಿ,” ಎಂದು ಜೋರಾಗಿ ನಕ್ಕರು. “ನಾನೂ ಚಾಷ್ಟಿ ಮಾಡಿ ಚಿಲಕಾ ಹಾಕೇನಿ.”

ಆಯಿಯೂ ನಕ್ಕಳು. ಗಂಡ ಹೆಂಡತಿಯ ಆಟ ಎಂದುಕೊಂಡು ನಗುತ್ತಲೇ ಹೋಗಿ ಚಿಲಕ ತೆಗೆದಳು. ನಾನು ಆಕೆಯ ಹಿಂದೆಯೇ ಹೋದೆ. ಚೀಲಗಳ ಸಂದಿಯಲ್ಲಿ, ಗೋಡೆಯ ಮೂಲೆಯಲ್ಲಿ ಅತ್ತಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದಳು. ಸದ್ದು ಬಾರದಿರಲೆಂದು ತನ್ನ ಮುಷ್ಟಿಯನ್ನು ತಾನೇ ಕಚ್ಚಿ ಹಿಡಿದಿದ್ದಳು. ಸೀರೆ ಒದ್ದೆಯಾಗಿತ್ತು. ನೆಲದ ಮೇಲಿನ ಜೋಳದ ಧೂಳೂ ಒದ್ದೆಯಾಗಿತ್ತು. ಆಯಿಯ ನಗು ನಿಂತಿತು. ಅವಳು ಮಗಳನ್ನು ನೋಡಿದಳು, ನೆಲವನ್ನು ನೋಡಿದಳು. ಏನೂ ಕೇಳದೆ ಬಾಗಿಲಿನ ಕಡೆ ಬೆನ್ನು ಮಾಡಿ, ತನ್ನ ಸೆರಗನ್ನು ಅಗಲವಾಗಿ ಹರಡಿ ಮಗಳನ್ನು ಮರೆ ಮಾಡಿ ನಿಂತಳು.

“ಗಿರಿಜಾ, ನಿಮ್ಮವ್ವನ ಕರಿ. ಒಂದ ಸೀರಿ ತರಾಕ ಹೇಳು,” ಎಂದಳು. ಆಮೇಲೆ ಹೊರಗೆ ಕೇಳುವಂತೆ, ತಿರುಗಿ ನೋಡದೆಯೇ ಹೇಳಿದಳು:

“ಅಳಿಯಂದ್ರ, ಇವತ್ತ ನೀವು ಹೋಗ್ರಿ. ಮುಂದಿನ ವಾರ ನಿಮ್ಮ ಹಿರ್ಯಾರನ್ನ ಕರಕೊಂಡ ಬರ್ರಿ.”

ಆ ವಾರ ನಮ್ಮ ಮನೆ ಹೇಗಿತ್ತೆಂದರೆ, ತಟ್ಟೆ ಕೈಜಾರಿ ಬಿದ್ದರೂ ಎಲ್ಲರೂ ಬೆಚ್ಚಿ ಬೀಳುತ್ತಿದ್ದೆವು. ಆಯಿ ಆ ನೆಲವನ್ನು ತಾನೇ ತೊಳೆದಿದ್ದಳು, ಯಾರಿಗೂ ಮುಟ್ಟಗೊಡಲಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು, ಅಪ್ಪ ಎತ್ತಲೂ ಆಗದೆ ಬಿಡಲೂ ಆಗದೆ ಅದನ್ನೇ ನೋಡುತ್ತ ಕೂರುತ್ತಿದ್ದ. ಅಪ್ಪನಿಗೆ ಏನೂ ಅರ್ಥವಾಗಿರಲಿಲ್ಲ, ಅಥವಾ ಅರ್ಥವಾಗುವುದು ಬೇಡವಾಗಿತ್ತು. ಹೊಡೆದಿಲ್ಲ, ಬಡಿದಿಲ್ಲ, ಯಾವ ಬಾಯಿಂದ ತಂಗಿಯನ್ನು ಇಟ್ಟುಕೊಳ್ಳಲಿ ಎಂದು ಅವ್ವನ ಹತ್ತಿರ ಅನ್ನುತ್ತಿದ್ದ. ನಾನು ಶಾಲೆಗೆ ಹೋಗುವಾಗ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ. ಪೇಢೆಯ ಪೊಟ್ಟಣವನ್ನು ಯಾರೂ ಬಿಚ್ಚಲಿಲ್ಲ. ಇರುವೆ ಹತ್ತಿದ ಮೇಲೆ ಅವ್ವ ಅದನ್ನು ಹಿತ್ತಲಿಗೆ ಎಸೆದಳು.

ಹಿರಿಯರು ಬಂದು ಪಡಸಾಲೆಯ ಜಮಖಾನೆಯ ಮೇಲೆ ಕುಳಿತರು. ಹಳಿಯಾಳದ ಕಡೆಯಿಂದ ಮಾಮಾ, ಅವರ ದೊಡ್ಡಪ್ಪ, ಇನ್ನೊಬ್ಬರು. ನಮ್ಮ ಕಡೆಯಿಂದ ಅಪ್ಪ, ಓಣಿಯ ಇಬ್ಬರು. ಅವಲಕ್ಕಿ, ಚಹಾ ಆಯಿತು. ಅತ್ತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾನು ಅವಳ ಪಕ್ಕದಲ್ಲಿದ್ದೆ, ಅವಳ ಕೈ ನನ್ನ ಭುಜದ ಮೇಲಿತ್ತು. ರುಮಾಲು ಸುತ್ತಿದ ಆ ದೊಡ್ಡಪ್ಪ ಒಳ್ಳೆಯ ಮನುಷ್ಯರೇ. ಮಗಳನ್ನು ಕೇಳುವಂತೆಯೇ ಕೇಳಿದರು.

“ಬಡದಾನೇನವ್ವಾ?”

“ಇಲ್ಲರಿ.”

“ಉಣ್ಣಾಕ ಉಡಾಕ ಕಮ್ಮಿ ಮಾಡ್ಯಾನು?”

“ಇಲ್ಲರಿ.”

“ಮತ್ತ ನಿನ್ನ ತಕರಾರು ಏನೈತಿ ಹೇಳು.”

ಅತ್ತಿ ಒಂದೊಂದಾಗಿ ಹೇಳತೊಡಗಿದಳು. ಅಂಗಡಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಹೋಗುತ್ತಾರೆಂದಳು. ಕಳ್ಳರ ಕಾಲ, ಕಾಳಜಿ ಅದು, ಎಂದರು ಇನ್ನೊಬ್ಬರು. ಕಿಟಕಿಯಲ್ಲಿ ನಿಂತರೆ ಎರಡು ದಿನ ಮಾತಾಡುವುದಿಲ್ಲ, ಎದುರಿಗೆ ಕುಳಿತು ನೋಡುತ್ತಲೇ ಇರುತ್ತಾರೆಂದಳು. ಹೆಂಡತಿಯನ್ನು ನೋಡದೆ ಮತ್ತಾರನ್ನು ನೋಡಬೇಕು ಎಂದು ಅವರು ನಕ್ಕರು. ಆಕೆ ಹೇಳಿದ ಒಂದೊಂದು ಮಾತೂ ಆ ಜಮಖಾನೆಯ ಮೇಲೆ ಬಿದ್ದ ಕೂಡಲೇ ಪ್ರೀತಿಯಾಗಿ ಬದಲಾಗುತ್ತಿತ್ತು. ಕೊನೆಗೆ ಅತ್ತಿ ದಿಕ್ಕು ತೋಚದವಳಂತೆ ಅಂದಳು:

“ಮನ್ನಿ ಗಿರಿಜಾ ಒಂದ ಪುಸ್ತಕ ಓದಿದ್ಲರಿ. ಅದರಾಗ ಒಬ್ಬಾಕಿ ಇದ್ದಾಳ್ರಿ. ಅಕಿಗೆ ಏನ ಆಗ್ತೈತಿ, ನನಗೂ ಅದ ಆಗ್ತೈತ್ರಿ.”

ಎಲ್ಲರೂ ಗೊಳ್ಳೆಂದು ನಕ್ಕರು. ಅಪ್ಪನ ಮುಖ ನಾಚಿಕೆಯಿಂದ ಕೆಂಪಾಯಿತು. ಕಾದಂಬರಿ ಓದಿ ಸಂಸಾರ ಕೆಡಿಸಿಕೊಳ್ಳಬೇಡ ತಾಯಿ, ಎಂದರು ಯಾರೋ. ಆಗ ದೇವರ ಜಗಲಿಯ ಪಕ್ಕ ಕುಳಿತಿದ್ದ ಆಯಿ ಬಾಯಿ ತೆರೆದಳು. ಗಂಡಸರ ಬೈಠಕ್ಕಿನಲ್ಲಿ ಆಕೆ ಎಂದೂ ಮಾತಾಡಿದವಳಲ್ಲ.

“ನಗಬ್ಯಾಡ್ರಿ. ಆ ಪುಸ್ತಕ ನಾನೂ ಕೇಳೇನಿ. ಪೂರಾ ಕೇಳೇನಿ. ಪ್ರೀತಿ ಅಂದ್ರ ಹಿಂಗಿರಬೇಕು ಅಂತ ಅತ್ತೇನಿ. ನನ್ನ ಮಗಳು, ಇದು ಪ್ರೀತಿ ಅಲ್ಲ, ಹೆದರಿಕಿ ಅಂದ್ಲು. ಅಕಿ ಮ್ಯಾಲೆ ಸಿಟ್ಟಾದೆ. ಮರುದಿನ ನನ್ನ ಮಗಳು ಚೀಲದ ಕೋಣ್ಯಾಗ ಕೂಸಿನಂಗ ಒದ್ದಿ ಮಾಡಿಕೊಂಡು ಕುಂತಿದ್ಲು. ಅಳಿಯಂದ್ರು ಹೊರಗ ಚಿಲಕಾ ಹಾಕಿ, ಮಂಚದ ಮ್ಯಾಲೆ ಕುಂತು ಚಹಾ ಕುಡ್ಯಾಕತ್ತಿದ್ರು. ಇದರಾಗ ಪ್ರೀತಿ ಎಲ್ಲೈತಿ, ನೀವ ತೋರಸ್ರಿ ನನಗ. ನಾ ಮುದುಕಿ, ನನಗ ಕಾಣವಲ್ದು.”

ಮಾಮಾ ತಲೆ ಎತ್ತಿ ಅಡುಗೆಮನೆಯ ಬಾಗಿಲಿನ ಕಡೆ ನೋಡಿದರು. ಮುಖದ ಮೇಲಿನ ನಗು ಹಾಗೆಯೇ ಇತ್ತು.

“ರಾಣಿ,” ಎಂದರು, ಬಹಳ ಮೆತ್ತಗೆ. “ನಡಿ, ಹೋಗೂಣು.”

ಅತ್ತಿಯ ಉಗುರು ನನ್ನ ಭುಜಕ್ಕೆ ನಾಟಿದವು. ರುಮಾಲಿನ ದೊಡ್ಡಪ್ಪ ಆ ದನಿಯನ್ನು ಕೇಳಿ ಥಟ್ಟನೆ ತಮ್ಮ ಹುಡುಗನ ಕಡೆ ತಿರುಗಿ ನೋಡಿದರು. ಆ ದನಿಯನ್ನು ಅವರು ಎಂದೋ, ಎಲ್ಲೋ ಕೇಳಿದ್ದರೆಂದು ನನಗೆ ಈಗ ಅನಿಸುತ್ತದೆ. ಚಹಾದ ಕಪ್ಪನ್ನು ಕೆಳಗಿಟ್ಟು ಎದ್ದರು.

“ಇವತ್ತ ಬ್ಯಾಡ,” ಎಂದರು. “ಹುಡುಗಿ ಇಲ್ಲೇ ಇರಲಿ.”

ಅತ್ತಿ ಮತ್ತೆಂದೂ ಹಳಿಯಾಳದ ಆ ಮನೆಗೆ ಹೋಗಲಿಲ್ಲ. ಹಾಗೆಂದು ಹೆದರಿಕೆ ಅವತ್ತೇ ಮುಗಿಯಿತೆಂದರೆ ಸುಳ್ಳಾಗುತ್ತದೆ. ಮಾಮಾ ಎಷ್ಟೋ ಸಲ ಓಣಿಯಲ್ಲಿ ಗಾಡಿ ನಿಲ್ಲಿಸಿಕೊಂಡು, ಏನೂ ಮಾಡದೆ, ಮನೆಯ ಕಡೆ ನೋಡುತ್ತ ನಿಂತು ಹೋಗುತ್ತಿದ್ದರು. ನಾವು ಕಿಟಕಿ ಹಾಕಿಕೊಂಡು ಒಳಗೆ ಕೂರುತ್ತಿದ್ದೆವು. ಕೆಲವು ತಿಂಗಳಾದ ಮೇಲೆ ಒಂದು ದಿನ ಅಪ್ಪನೇ ಹೊರಗೆ ಹೋಗಿ, ಅವರ ಗಾಡಿಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟ. ಬೈಯಲಿಲ್ಲ, ಮಾತಾಡಲಿಲ್ಲ. ಅವರು ಹೋಗುವವರೆಗೂ ಕುಳಿತಿದ್ದ. ಅಪ್ಪನಿಗೆ ಅರ್ಥವಾಗಿದೆ ಎಂದು ನಮಗೆ ತಿಳಿದದ್ದು ಹಾಗೆ. ಅತ್ತಿ ಕಸ್ತೂರಕ್ಕನ ಹತ್ತಿರ ಹೊಲಿಗೆ ಕಲಿತಳು. ಟಿಬೆಟನ್ ಕಾಲೊನಿಯಲ್ಲಿ ಒಬ್ಬ ಹೆಂಗಸಿನ ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮೊದಲು ಅವ್ವ ಜೊತೆಗೆ ಹೋಗಿ ಬಿಟ್ಟು ಬರುತ್ತಿದ್ದಳು, ಆಮೇಲೆ ಅತ್ತಿ ಒಬ್ಬಳೇ ಟೆಂಪೊ ಹತ್ತಿದಳು. ಕೋರ್ಟಿನಲ್ಲಿ ಬಿಡುಗಡೆಯಾಗಲು ವರ್ಷಗಳೇ ಹಿಡಿದವು.

ನಾನು ಪಿಯುಸಿ ಓದುತ್ತಿದ್ದಾಗ ಸುದ್ದಿ ಬಂತು. ಮಾಮಾಗೆ ಮತ್ತೆ ಹೆಣ್ಣು ಗೊತ್ತಾಗಿದೆ, ಹಳಿಯಾಳದ ಹತ್ತಿರದ ಹಳ್ಳಿಯ ಹುಡುಗಿ. ಮನೆಯವರೆಲ್ಲ ನಿರಾಳವಾಗಿ ಉಸಿರು ಬಿಟ್ಟರು. ಅತ್ತಿ ಮಾತ್ರ ಆ ದಿನ ಉಣ್ಣಲಿಲ್ಲ. ಮರುದಿನವೂ ರೊಟ್ಟಿ ಮುರಿದು ಹಾಗೆಯೇ ಇಟ್ಟಳು. ಮೂರನೆಯ ದಿನ ಬೆಳಿಗ್ಗೆ ಸೀರೆ ಉಟ್ಟು ನನ್ನ ಹತ್ತಿರ ಬಂದಳು.

“ನಾ ಹಳಿಯಾಳಕ್ಕ ಹೊಂಟೇನಿ. ಆ ಹುಡುಗಿನ್ನ ನೋಡಬೇಕು. ಒಬ್ಬಾಕಿಗೆ ಹೋಗಾಕ ಆಗೂದಿಲ್ಲ. ನೀ ಬರ್ತೀ?”

ಆ ಬಸ್ಸಿನಲ್ಲಿ ಅತ್ತಿ ಪಟ್ಟ ಪಾಡನ್ನು ನಾನು ಮರೆಯಲಾರೆ. ಊರು ಹತ್ತಿರವಾದಂತೆ ಅವಳ ಮುಖ ಬೂದಿಯಾಯಿತು. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ವಾಂತಿ ಮಾಡಿಕೊಂಡಳು. ನಾನು ತಿರುಗಿ ಹೋಗೋಣ ಎಂದೆ. ಆಕೆ ಬಾಯಿ ತೊಳೆದುಕೊಂಡು, ಹಳ್ಳಿಗೆ ಹೋಗುವ ಟೆಂಪೊ ಎಲ್ಲಿ ಎಂದು ಕೇಳಿದಳು. ಹುಡುಗಿಯ ಮನೆಯಲ್ಲಿ ಅತ್ತಿ ತಾನು ಯಾರೆಂದು ನೇರವಾಗಿಯೇ ಹೇಳಿದಳು. ಹುಡುಗಿಯ ತಾಯಿ ನೀರು ಕೂಡ ಕೊಡಲಿಲ್ಲ. ಹೊಟ್ಟೆಕಿಚ್ಚಿಗೆ ಬಂದಿದ್ದೀಯಾ ಎಂದು ಬೈದು ಅಂಗಳದಿಂದಲೇ ಕಳಿಸಿದಳು. ನಾವು ರಸ್ತೆಗೆ ಬಂದಿದ್ದೆವು. ಹಿಂದಿನಿಂದ ಆ ಹುಡುಗಿ ಓಡಿ ಬಂದಳು. ನನಗಿಂತ ಒಂದೆರಡು ವರ್ಷ ದೊಡ್ಡವಳು ಅಷ್ಟೇ.

“ಅಕ್ಕಾರ,” ಎಂದಳು ಏದುಸಿರು ಬಿಡುತ್ತ. “ಅವರು ಕಾಲೇಜ ಬಿಡು ಅಂದಾರ್ರಿ. ನನ್ನ ಯಾರರ ನೋಡಿದ್ರ ಅವರಿಗೆ ತಡಕೊಳ್ಳಾಕ ಆಗೂದಿಲ್ಲಂತ. ಅಷ್ಟ ಜೀವ ಅಂತ ನನ್ನ ಮ್ಯಾಲೆ. ಅದು ಪ್ರೀತಿ ಅಲ್ಲೇನ್ರಿ?”

ಅತ್ತಿ ಅವಳನ್ನೇ ಕೇಳಿದಳು:

“ಅವರು ಬರ್ತಾರ ಅಂತ ತಿಳದ ಕೂಡ್ಲೇ ನಿನಗ ಏನ ಅನಸ್ತೈತಿ? ಓಡಿ ಹೋಗಿ ನೋಡೂಣು ಅನಸ್ತೈತೋ, ಇವತ್ತ ಏನ ತಪ್ಪ ಮಾಡೇನಿ ಅಂತ ಯೋಚನಿ ಬರ್ತೈತೋ? ನನಗ ಹೇಳಬ್ಯಾಡ. ನಿನಗ ನೀನ ಹೇಳ್ಕೋ.”

ಅತ್ತಿ ನಮ್ಮ ಮನೆಯ ಗುರುತು ಹೇಳಿದಳು. ಮುಂಡಗೋಡದ ಪೇಟೆ ಓಣಿ, ಗೋವಿನಜೋಳದ ಅಂಗಡಿ, ಯಾವಾಗ ಬೇಕಾದರೂ ಬಾ. ಹುಡುಗಿ ತಲೆ ಆಡಿಸಿ ತಿರುಗಿ ಹೋದಳು.

ಆ ಮದುವೆ ಆಗಲಿಲ್ಲ. ಒಂದು ತಿಂಗಳ ಮೇಲೆ ಅಪ್ಪನಿಗೆ ಯಾರೋ ಹೇಳಿದರು. ಹುಡುಗಿಯೇ ಒಲ್ಲೆ ಎಂದಳಂತೆ, ಕಾರಣ ಏನೆಂದರೆ ಹೇಳಲಿಲ್ಲವಂತೆ. ಆದರೆ ಆ ದಿನ ನಮಗೆ ಅದೇನೂ ಗೊತ್ತಿರಲಿಲ್ಲ. ಸೋತು ಬಂದವರಂತೆ ಬಸ್ಸು ಹತ್ತಿದೆವು. ಕಲಘಟಗಿಯಲ್ಲಿ ಇಳಿದು ಮುಂಡಗೋಡದ ಬಸ್ಸಿಗೆ ಕಾಯಬೇಕಿತ್ತು. ಅತ್ತಿ ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದಳು. ಬಸ್ ಸ್ಟ್ಯಾಂಡಿನ ಎದುರು ಒಬ್ಬಾತ ಎಣ್ಣೆ ಕಾಯಿಸಿ ಮಿರ್ಚಿ ಭಜಿ ಬಿಡುತ್ತಿದ್ದ.

“ಗಿರಿಜಾ,” ಎಂದಳು, “ನನಗ ಭಾಳ ಹಸಿವ್ಯಾಗೈತಿ.”

ಎರಡು ತಟ್ಟೆ ತರಿಸಿದೆ. ಅತ್ತಿ ತನ್ನದನ್ನು ಮುಗಿಸಿ ನನ್ನ ತಟ್ಟೆಗೂ ಕೈ ಹಾಕಿದಳು. ಖಾರಕ್ಕೆ ಅವಳ ಕಣ್ಣು, ಮೂಗಿನಲ್ಲಿ ನೀರಿಳಿಯುತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳುತ್ತ, ಸುತ್ತಲಿನ ಗಂಡಸರ ಕಡೆ ಕಣ್ಣೆತ್ತಿಯೂ ನೋಡದೆ, ಆಕೆ ತಿನ್ನುತ್ತಲೇ ಇದ್ದಳು.